ಅವರು ಕಾಣವಲ್ರು

ಕೊಟ್ಟೂರಿನ ಕಂಪ್ಯೂಟರ್ ಅಂಗಡಿಯ ಗವಿಸಿದ್ದೇಶ್ ಸಿ.ಪಿ.ಯು. ಡಬ್ಬಿಯನ್ನು ಸ್ಕೂಟರಿನಲ್ಲಿ ಹೊತ್ತು ತಂದು, ಅದರ ಬೆನ್ನಿಂದ ಟಿ.ವಿ.ಯ ಬೆನ್ನಿಗೆ ವೈರು ಸಿಕ್ಕಿಸುವಾಗ ನೀಲಗಂಗಮ್ಮ ಆಗಲೇ ಟಿ.ವಿ.ಯ ಮುಂದೆ ಬಂದು ಕೂತಿದ್ದಳು. ಮಗಳು ಅಮೃತಾ ಹರಪನಹಳ್ಳಿಯಿಂದ ಕಳಿಸಿದ ತನ್ನ ಮದುವೆಯ ಸಿ.ಡಿ. ಮನೆಯ ಪ್ಲೇಯರಿನಲ್ಲಿ ಓಡಿರಲಿಲ್ಲ; ಕಂಪ್ಯೂಟರಿಗೆ ಮಾತ್ರ ಬಗ್ಗುತ್ತದಂತೆ. ಫೋನಿನಲ್ಲಿ ಮಗಳು ಪಿಸುಗುಟ್ಟಿದ್ದಳು: “ಅವ್ವಾ, ಅಕ್ಕಿಕಾಳು ಹಾಕೋವಾಗ ತೀರಾ ಬಲಕ್ಕ ನೋಡು. ಕಂಬದ ಹತ್ರ ನಿಂತು ಅಪ್ಪ ಅಳಾಕತ್ಯಾನ!”

ಅಳುವುದೇ? ಮರುಳಪ್ಪನೇ? ಮಗಳನ್ನು ಕಳಿಸಿಕೊಡುವ ದಿನ ನೆಂಟರಿಷ್ಟರೆಲ್ಲ ಕಣ್ಣೊರೆಸಿಕೊಂಡರೂ ಈ ಮಹಾರಾಯ ಅಡುಗೆಯವರ ಮೇಲೆ ರೇಗುತ್ತ ಓಡಾಡಿದ್ದ. ಅಂದಿನಿಂದ ಗಂಡನ ಮೇಲೆ ನೀಲಗಂಗಮ್ಮನಿಗೆ ಒಳಗೊಳಗೇ ಮುನಿಸು. ಆ ಮುನಿಸು ಸುಳ್ಳಾಗಲಿ ಎಂಬ ಆಸೆ ಈಗ ತಡೆಯಲಾರದಷ್ಟು! ಆದರೆ ಮರುಳಪ್ಪ ಅಲ್ಲೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಾನೆ. ಅವನೆದುರು ಬಾಯಿಬಿಟ್ಟು ಹೇಳುವುದು ಹೇಗೆ?

ಮೊದಲು ಚಿತ್ರ ಕಪ್ಪುಬಿಳುಪಾಗಿ ಬಂತು.

“ಅಮೆರಿಕದ ಟಿ.ವಿ. ಲೆಕ್ಕಕ್ಕ ಐತ್ರಿ ಇದು. ನಮ್ಮ ಲೆಕ್ಕಕ್ಕ ಮಾಡ್ತೀನಿ ತಡೀರಿ” ಎಂದು ಗವಿಸಿದ್ದೇಶ್ ಏನೋ ಒತ್ತಿದ. ಬಣ್ಣ ಬಂದೇ ಬಿಟ್ಟಿತು! ಚಪ್ಪರದ ಹಸಿರೇನು, ಅಮೃತಾಳ ಸೀರೆಯ ಕೆಂಪೇನು! ನೀಲಗಂಗಮ್ಮ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು. ಅಕ್ಕಿಕಾಳು ಬಿದ್ದವು. ಬಲಕ್ಕೆ ಕಂಬವೂ ಇಲ್ಲ, ಕಂಬದ ಬಳಿಯವನೂ ಇಲ್ಲ.

“ತಮ್ಮಾ, ಅವ್ರು ಕಾಣವಲ್ರಲ್ಲೋ!”

“ಯಾರ್ರೀ?”

“ಅವ್ರೋ...”

ಬೀಗರು ಮಸುಕಾಗಿದ್ದಾರೆಂದುಕೊಂಡ ಗವಿಸಿದ್ದೇಶ್ ಬೆಳಕು ಹೆಚ್ಚಿಸಿದ. ಬೀಗಿತಿಯ ಮೂಗುಬಟ್ಟು ಫಳಕ್ಕೆಂದಿತು. “ಈಗ ಕಂಡ್ರಲ್ರಿ?”

“ಅವ್ರಲ್ಲೋ, ಅವ್ರು!”

ಪಾಪ, ಅವನು ಚಿತ್ರವನ್ನು ಇನ್ನಷ್ಟು ಚೊಕ್ಕ ಮಾಡಿದ. ಬೀಗರ ಮೀಸೆಯ ಬಿಳಿಕೂದಲೂ ಕಂಡವು. ಮರುಳಪ್ಪನಿಗೆ ಯಾಕೋ ಅವಸರ ಹುಟ್ಟಿತು. “ಇಷ್ಟು ಚಂದ ಬಂದೈತಿ, ಸಾಕು ಬಿಡಲೇ. ವೈರ್ ಕಿತ್ತು ಚಾ ಕುಡಿ.”

ಗವಿಸಿದ್ದೇಶ್ ವೈರಿಗೆ ಕೈ ಹಾಕಿದ್ದೇ ತಡ, ನೀಲಗಂಗಮ್ಮ ಎದ್ದು ನಿಂತಳು. “ಮರುಳಪ್ಪ! ನಮ್ಮ ಮನಿ ಮರುಳಪ್ಪ ಎಲ್ಲಿ? ಕಂಬದ ಹತ್ರ ನಿಂತ ಮರುಳಪ್ಪನ್ನ ತೋರ್ಸೋ!”

ಮದುವೆಯಾದಾಗಿನಿಂದ ಆ ಬಾಯಲ್ಲಿ ಒಮ್ಮೆಯೂ ಬಾರದ ಹೆಸರು ಅದು. ಅಂದಾದ ಮೇಲೆ ಅವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಅಯ್ಯ, ಮೊದ್ಲ ಹೇಳಬಾರದೇನ್ರಿ ಅಮ್ಮಾರ! ಟಿ.ವಿ. ಸುತ್ತಲ ಅಂಚು ನುಂಗೈತಿ” ಎಂದು ನಗುತ್ತ ಗವಿಸಿದ್ದೇಶ್ ಚಿತ್ರವನ್ನು ಅಷ್ಟಷ್ಟೇ ಕುಗ್ಗಿಸಿದ. ಬಲಗಡೆಯಿಂದ ಕಂಬ ಒಳಗೆ ಬಂತು, ಒಂದು ಭುಜ ಬಂತು, ಆಮೇಲೆ ಇಡೀ ಮನುಷ್ಯ. ಶಲ್ಯದಲ್ಲಿ ಮುಖ ಹುದುಗಿಸಿ ಬಿಕ್ಕುತ್ತಿದ್ದ.

“ಅಳಾಕತ್ತಾರ! ನೋಡೋ ತಮ್ಮಾ, ಅಳಾಕತ್ತಾರ!” ನೀಲಗಂಗಮ್ಮ ಸಂತೋಷಕ್ಕೆ ತಾನೇ ಅಳುತ್ತಿದ್ದಳು.

ಮರುಳಪ್ಪ ಟಿ.ವಿ. ಕಡೆ ನೋಡುತ್ತಲೇ ಇರಲಿಲ್ಲ. ಚಾಚಿದ ಕಾಲನ್ನು ಎಳೆದುಕೊಂಡು ಹೆಂಡತಿಯ ಮುಖವನ್ನೇ ನೋಡುತ್ತಿದ್ದ.

“ಅದಿರ್ಲಿ” ಎಂದ ಮೆಲ್ಲಗೆ. “ಆಗ ಏನಂದಿ? ಇನ್ನೊಮ್ಮಿ ಅನ್ನು.”