ನಾಲ್ಕನೇ ಮೇಜು

ಎಂ.ಬಿ.ಎ. ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಶಾಂಭವಿ ಎರಡು ತಿಂಗಳಿಂದ ಒಂದು ಸಹಕಾರ ಸಂಘದ ಕಡತಗಳ ಬೆನ್ನು ಹತ್ತಿದ್ದಳು. ಅಲ್ಲಿ ಪ್ರತಿ ಕೆಲಸಕ್ಕೂ ಆಗುತ್ತಿದ್ದ ವಿಳಂಬದ ಮೂಲ ಕೊನೆಗೂ ಸಿಕ್ಕಿತು. ಆರು ಮೇಜುಗಳ ಪೈಕಿ ನಾಲ್ಕನೆಯದರಲ್ಲಿ ಕುಳಿತ ವೆಂಕೋಬರಾಯರು ಪ್ರತಿ ಕಡತದ ಮೇಲೂ ‘ನೋಡಿದೆ’ ಎಂದು ಬರೆಯುವುದರ ಹೊರತು ಬೇರೇನೂ ಮಾಡುತ್ತಿರಲಿಲ್ಲ. ಆ ಮೇಜನ್ನು ತೆಗೆದು, ಬಂದವರಿಗೆ ದಾರಿ ತೋರಲು ಬಾಗಿಲ ಬಳಿ ಒಂದು ವಿಚಾರಣೆಯ ಮೇಜು ಹಾಕಬೇಕೆಂದು ಅವಳು ವರದಿ ಬರೆದಳು.

ಸಂಘದ ಪ್ರಮಾಣಪತ್ರವಿಲ್ಲದೆ ಪದವಿಯಿಲ್ಲ; ವರದಿ ಎಲ್ಲ ಮೇಜುಗಳನ್ನೂ ದಾಟದೆ ಪ್ರಮಾಣಪತ್ರವಿಲ್ಲ. ಅದೋ, ಐದು ದಿನಗಳಿಂದ ನಾಲ್ಕನೇ ಮೇಜಿನ ಮೇಲೆಯೇ ಠಿಕಾಣಿ ಹೂಡಿತ್ತು.

ಆರನೆಯ ದಿನ ಅವಳು ಅಳುಕುತ್ತಲೇ ಹೋಗಿ ನಿಂತಳು.

“ಬನ್ನಿ ತಾಯಿ. ಈ ಸಲ ನೋಡಿದ್ದಷ್ಟೇ ಅಲ್ಲ, ಓದಿಯೂ ಬಿಟ್ಟೆ,” ಎಂದರು ರಾಯರು.

“ಸರ್, ಬೇಕಾದ್ರೆ ಆ ಪುಟ ತೆಗೆದುಬಿಡ್ತೀನಿ.”

“ಯಾಕೆ ತೆಗೀತೀರಿ? ಇರೋದನ್ನೇ ಬರ್ದಿದ್ದೀರಿ. ಈಗ ತಾನೇ ಕಾರ್ಯದರ್ಶಿಗಳ ಕೈಗೇ ಕೊಟ್ಟು ಬಂದೆ.”

ಶಾಂಭವಿಗೆ ಹೋದ ಜೀವ ಬಂದಂತಾಯಿತು. “ನಿಮಗೆ ಬೇಜಾರಾಗ್ಲಿಲ್ವಾ ಸರ್?”

“ಬೇಜಾರೆಲ್ಲಿಯದು, ಬಿಡುಗಡೆ. ಇಪ್ಪತ್ತೇಳು ವರ್ಷದ ಹಿಂದೆ, ಈ ಮೇಜು ಬೇಕೇ ಬೇಕು ಅಂತ ಪ್ರಾಜೆಕ್ಟು ಬರ್ದವನು ನಾನೇ. ಆಗಿನ ಕಾರ್ಯದರ್ಶಿಗಳು ಓದಿ, ‘ಬರ್ದವನೇ ಕೂತ್ಕೊಳ್ಳಲಿ’ ಅಂದ್ಬಿಟ್ರು.”

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಈಗಿನ ಕಾರ್ಯದರ್ಶಿಗಳ ದನಿ ಕೇಳಿಸಿತು: “ರಾಯರೇ, ಬಾಗಿಲ ಹತ್ರ ಒಂದು ಮೇಜು ಹಾಕಿಸ್ರೀ. ಆ ಹುಡುಗಿ ಎಲ್ಲಿ?”