ಸುತ್ತಿದ ಬಾವುಟ

ಅನಸುಬಾಯಿ ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. ಮೊಳದುದ್ದದ ಕೋಲಿಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಅದರ ಮೇಲೆ ಸುತಳಿ. ಹೊರಗೆಲ್ಲ ತುಕ್ಕಿನ ಬಣ್ಣದ ಕಲೆ.

"ಹಳೀ ರೈಲ್ವೆ ಸಾಮಾನು ಇದ್ರ ಮ್ಯೂಸಿಯಂಕ್ಕ ಕೊಡ್ರಿ ಅಂತ ಆಟೋದಾಗ ಕೂಗ್ಕೋತ ಬಂದಿದ್ರಲ್ರಿ, ಅದಕ್ಕ ತಂದೀನಿ. ನನ್ನ ಗಂಡಂದು. ಹಸಿರು ಬಾವುಟ."

ಮಜೀದಸಾಬ ಕನ್ನಡಕ ಏರಿಸಿಕೊಂಡು ದಾಖಲೆ ಪುಸ್ತಕ ತೆರೆದ. ಚಿತ್ತಾಪುರದ ಇತಿಹಾಸ ಬಳಗದವರು ಹಳೆಯ ಧರ್ಮಶಾಲೆಯ ಎರಡು ಕೋಣೆಗಳಲ್ಲಿ ಮ್ಯೂಸಿಯಂ ಮಾಡಿದಾಗಿನಿಂದ ಅವನು ವಾರಕ್ಕೆ ಮೂರು ದಿನ ಬಂದು ಪುಕ್ಕಟೆ ದುಡಿಯುತ್ತಿದ್ದ. ಕಂದೀಲು, ಗಂಟೆ, ಲೀವರು ಒರೆಸುವುದು, ಬಂದ ವಸ್ತುಗಳ ವಿವರ ಬರೆದಿಡುವುದು ಅವನ ಪಾಲಿನ ಕೆಲಸ. ನಿವೃತ್ತ ಕ್ಯಾಬಿನ್‌ಮನ್ ಒಬ್ಬ ಇಷ್ಟು ಶ್ರದ್ಧೆಯಿಂದ ಬರುವುದು ಬಳಗದ ಪುಣ್ಯ ಎಂದು ಎಲ್ಲರೂ ಹೊಗಳುತ್ತಿದ್ದರು. ಹೊಗಳಿದಾಗೆಲ್ಲ ಅವನು ಎದ್ದು ಹೋಗಿ ಏನನ್ನಾದರೂ ಒರೆಸತೊಡಗುತ್ತಿದ್ದ.

"ಹೆಸರು ಹೇಳ್ರವ್ವಾ."

"ಅನಸುಬಾಯಿ ಅಂತ ಬರೀರಿ. ಗಂಡ ಜೈಭೀಮ. ರಾವೂರ."

ಪೆನ್ನು ನಿಂತಿತು. ರಾವೂರ ಕಡೆ, ಗಾಡಿಗೆ ಕಲ್ಲು ತುಂಬುತ್ತಿದ್ದ ಸೈಡಿಂಗಿನಲ್ಲಿ ಈಗ ಹಳಿ ಇಲ್ಲ, ಜಾಲಿ ಬೆಳೆದಿದೆ. ಮೂವತ್ತಾರು ವರ್ಷದ ಹಿಂದೆ ಅಲ್ಲಿ ವ್ಯಾಗನ್ನುಗಳ ನಡುವೆ ನಿಂತು ಕೊಂಡಿ ಹಾಕಿ, ಹೊರಗೆ ಬಂದು ಹಸಿರು ಬಾವುಟ ತೋರಿಸುತ್ತಿದ್ದವನು ಜೈಭೀಮ. ಅದನ್ನು ನೋಡಿ ಮೇಲೆ ಕ್ಯಾಬಿನ್ನಿನಲ್ಲಿ ಲೀವರ್ ಎಳೆದು ಗಾಡಿ ಬಿಡುತ್ತಿದ್ದವನು ಮಜೀದಸಾಬ. ಜೈಭೀಮನ ಹೆಂಡತಿಯ ಮುಖವನ್ನು ಮಜೀದಸಾಬ ನೋಡಿರಲಿಲ್ಲ. ಅವನ ಮಣ್ಣಿಗೆ ಹೋಗುವ ಧೈರ್ಯ ಆಗಿರಲಿಲ್ಲ.

"ಮುಂದ ಏನ್ ಬರೀಲವ್ವಾ?" ಎಂದು ಕೇಳಿದ.

"ಖರೇ ಇದ್ದದ್ದೇ ಬರೀರಿ. ತಾನೇ ಹಸಿರು ತೋರ್ಸಿ ಗಾಡಿ ಬಿಡ್ರಿ ಅಂದ, ತಾನೇ ಮತ್ತ ನಡುವ ಹೋಗಿ ಸತ್ತ. ಚೌಕಶಿ ಮಾಡಿದವ್ರು ಹಂಗಂದ್ರು. ಕ್ಯಾಬಿನ್ನಿನಾಂವ ಕಣ್ಣಾರೆ ಕಂಡಾನಂತ. ದವಾಖಾನ್ಯಾಗ ಅರಿವಿ ಜೋಡಿ ಇದನ್ನೂ ಕೊಟ್ರು. ಸಿಟ್ಟಿಗಿ ನಾ ಬಿಚ್ಚಿ ಸೈತ ನೋಡಿಲ್ಲ, ಟ್ರಂಕಿನ ತಳಕ್ಕ ಒಗದಿದ್ದೆ. ಈಗ ಮೊಮ್ಮಗಳ ಲಗ್ನ ಅದ. ಇಂಥದ್ದು ಮನ್ಯಾಗ ಬ್ಯಾಡ ಅನಿಸ್ತು."

ಅವಳು ಹೇಳಿದ್ದನ್ನೇ ಬರೆದುಬಿಟ್ಟರೆ ಮುಗಿಯಿತು, ಎರಡು ಸಾಲು. ಮಜೀದಸಾಬ ಒಂದು ಸಾಲು ಬರೆದೂ ಬರೆದ. ಆದರೆ ಬಟ್ಟೆಯ ವಸ್ತು ಬಂದರೆ ಬಿಚ್ಚಿ ಅಳತೆ ಬರೆಯಬೇಕೆಂದು ನಿಯಮ ಮಾಡಿದವನು ಅವನೇ. ಸುತಳಿಯ ಗಂಟು ಹಣ್ಣಾಗಿ ಹೋಗಿತ್ತು, ಎಳೆದರೆ ಪುಡಿಯಾಯಿತು. ಹೊರಗಿನ ಎರಡು ಸುತ್ತು ಚಕ್ಕಳದಂತೆ ಗಡುಸಾಗಿ ಬಂದವು. ಒಳಗಿನ ಬಟ್ಟೆ ಮಾತ್ರ ನಿನ್ನೆ ಹೊಲಿದದ್ದರ ಹಾಗೆ ಹಚ್ಚ ಹಸಿರಾಗಿತ್ತು. ಒಂದು ಕಲೆ ಇಲ್ಲ.

ಅವನು ಗಡಬಡಿಸಿ ಮತ್ತೆ ಸುತ್ತಲು ಹೋದ.

"ತಡೀರಿ," ಎಂದು ಅನಸುಬಾಯಿ ಬಾವುಟದ ಮೇಲೆ ಕೈಯಿಟ್ಟಳು. ಎರಡೂ ಅಂಗೈಯಿಂದ ಅದನ್ನು ಮೇಜಿನ ಮೇಲೆ ಹರವಿ, ಬಗ್ಗಿ ನೋಡಿದಳು. "ಮೂವತ್ತು ವರ್ಷ ದವಾಖಾನಿ ಚಾದರ ಒಗದಾಕಿ ನಾ. ರಕ್ತದ ಕಲಿ ನನಗ ಗೊತ್ತಾಗ್ತದ. ಹೊರಗಷ್ಟ ಹತ್ತೇದ, ಒಳಗ ಒಂದು ಹನಿ ಇಲ್ಲ. ಇದು ಬಿಚ್ಚಿ ಕೈಯಾಗ ಹಿಡದದ್ದಲ್ರಿ. ನಡಕ್ಕ ಸಿಗಿಸ್ಕೊಂಡದ್ದು ಸಿಗಿಸ್ಕೊಂಡಂಗೇ ಅದ."

"ತೋರ್ಸಿದ ಮ್ಯಾಲ ಸುತ್ತಿಟ್ಟಿರಬಹುದು..." ಎಂದ ಮಜೀದಸಾಬ. ತನ್ನ ಮಾತು ತನಗೇ ಅಸಹ್ಯವಾಯಿತು.

"ಗಾಡಿ ಬಿಡ್ರಿ ಅಂತ ಹೇಳಿ, ಅದು ಬರೂದ್ರಾಗ ಇಷ್ಟ ನೀಟಾಗಿ ಸುತ್ತಿ, ಸುತಳಿ ಕಟ್ಟಿ, ಆಮ್ಯಾಲ ಸಾಯಾಕ ಹೋಗ್ತಾನೇನ್ರಿ ಯಾರರ?"

ಹೊರಗೆ ಕಾಳಗಿಯ ಬಸ್ಸು ಹಾರ್ನ್ ಹೊಡೆಯುತ್ತ ಹೋಯಿತು. ಮಜೀದಸಾಬ ತಾನು ಬರೆದಿದ್ದ ಆ ಒಂದು ಸಾಲನ್ನು ಹೊಡೆದುಹಾಕಿದ.

"ತೋರ್ಸಿಲ್ಲವ್ವಾ," ಎಂದ. "ಆ ಕ್ಯಾಬಿನ್ನಿನಾಂವ ನಾನೇ. ಇಂಜಿನ್ನಿನಾಂವ ಮ್ಯಾಲಿಂದ ಮ್ಯಾಲ ಸೀಟಿ ಹೊಡ್ಯಾಕತ್ತಿದ್ದ. ಕಿಡಕ್ಯಾಗ ಒಂದ್ಸಲ ಇಣುಕಿದ್ರ ಕಾಣ್ತಿದ್ದ ಜೈಭೀಮ. ಇಣುಕಲಿಲ್ಲ. ಹೊರಗ ಬಂದಿರ್ತಾನ ಅಂತ ತಿಳಕೊಂಡು ಎಳದುಬಿಟ್ಟೆ. ಆಮ್ಯಾಲ ನೌಕರಿ ಹೋಗ್ತದಂತ ಹೆದರಿ, ಅಂವನೇ ಹಸಿರು ತೋರ್ಸಿದ ಅಂತ ಬರಕೊಟ್ಟೆ."

ಹೇಳಿ ತಲೆ ತಗ್ಗಿಸಿ ಕುಳಿತ. ಅವಳು ಹೊಡೆಯಲಿ, ಕೂಗಿ ಜನ ಸೇರಿಸಲಿ ಎಂದು ಬಯಸಿದ. ತಲೆಯೆತ್ತಿದಾಗ ಅನಸುಬಾಯಿ ಬಾವುಟವನ್ನು ಮತ್ತೆ ಕೋಲಿಗೆ ಸುತ್ತಿ ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು, ಎಳೆಗೂಸನ್ನು ಹೊದಿಸುವ ಹಾಗೆ.

"ಇದು ಇಲ್ಲಿ ಇಡಾಂಗಿಲ್ರಿ," ಎಂದು ಬಾಗಿಲ ಕಡೆ ನಡೆದಳು.

ಮಜೀದಸಾಬ ಎದ್ದು ಅವಳ ಹಿಂದೆ ಹೋದ. "ಏನರ ಅನ್ನವ್ವಾ. ಬೈಯಿ ನನಗ. ಸುಮ್ಮ ಹೋಗಬ್ಯಾಡ."

ಅನಸುಬಾಯಿ ಹೊಸ್ತಿಲಲ್ಲಿ ನಿಂತಳು.

"ಮೂರು ಕೂಸು ನನ್ನ ಕೊರಳಿಗಿ ಕಟ್ಟಿ ನೀನಾಗಿ ಸಾಯಾಕ ಹೋದಿ ಅಂತ, ಮೂವತ್ತಾರು ವರ್ಷ ದಿನಾ ಮುಂಜಾನಿ ಎದ್ದು ಅಂವಗ ಬೈದೀನ್ರಿ," ಎಂದಳು. "ಈಗ ನಿಮಗ ಬೈಬೇಕಂದ್ರ ಬಾಯಾಗ ಒಂದ್ ಮಾತೂ ಉಳದಿಲ್ಲ."