ನೂರಕ್ಕೆ ನೂರು

ಒಂಬತ್ತನೇ ತರಗತಿಯ ಅಂಕ, ಹಾಜರಾತಿ ನೋಡಿ, ಹತ್ತರಲ್ಲಿ ಯಾರು ಫೇಲಾಗಬಹುದೆಂದು ಸಂಶೋಧಕಿ ಮೃಣಾಲಿನಿ ಅಂದಾಜು ಮಾಡಿ ಮುಖ್ಯೋಪಾಧ್ಯಾಯರಿಗೆ ಪಟ್ಟಿ ಕೊಟ್ಟಿದ್ದಳು. ಆ ಮಕ್ಕಳಿಗೆ ಬೇರೆಯಾಗಿ ಪಾಠ ಮಾಡಲಿ ಎಂಬುದು ಅವಳ ಉದ್ದೇಶ. ಆ ವರ್ಷ ಶಾಲೆಯಲ್ಲಿ ಒಬ್ಬರೂ ಫೇಲಾಗಲಿಲ್ಲ. ತನ್ನ ಅಂದಾಜು ಸುಳ್ಳಾದ ಖುಷಿಯಲ್ಲೇ ಅವಳು ಶಾಲೆಗೆ ಬಂದಳು.

“ಆ ಮಕ್ಕಳನ್ನ ಒಮ್ಮೆ ನೋಡಬೇಕಿತ್ತು ಸರ್.”

“ಅವರೆಲ್ಲಿದಾರೆ ಮೇಡಂ? ಹೋದ ಜೂನಲ್ಲೇ ಟೀಸಿ ಕೊಟ್ಟು ಕಳಿಸಿದ್ವಲ್ಲ.”

ಅವಳು ಮೇಜಿನ ಮೇಲೆ ಕೈ ಬಡಿದಳು.

“ಕಲಿಸಿ ಅಂತ ಹೇಳಿದ್ದೆ, ಹೊರಗೆ ಹಾಕಿ ಅಂತಲ್ಲ. ಪಟ್ಟಿಯಲ್ಲಿದ್ದ ಆ ರತ್ನಮಾಲಾಗೆ ಬೀಜಗಣಿತ ಒಂದೇ ತೊಡಕಾಗಿದ್ದು. ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿಕೊಟ್ಟಿದ್ರೆ ಪಾಸಾಗ್ತಿದ್ಲು. ನಾಚಿಕೆ ಆಗಲ್ವಾ ನಿಮಗೆ?”

“ಕೋಪ ಮಾಡ್ಕೋಬೇಡಿ, ಕೂತ್ಕೊಳ್ಳಿ,” ಎಂದು ಮುಖ್ಯೋಪಾಧ್ಯಾಯರೇ ಕುರ್ಚಿ ಎಳೆದುಕೊಟ್ಟರು. “ಈ ಅಂದಾಜನ್ನೇ ಎಲ್‌ಕೆಜಿಗೂ ಮಾಡಿಕೊಡೋಕಾಗುತ್ತಾ, ಅಡ್ಮಿಷನ್‌ಗೆ ಮುಂಚೆ?”